ಕುಕ್ಕರ್ ಕೂಗುವ ಹೊತ್ತಿಗೆ ಒಂದು ಪ್ರಾರ್ಥನೆ: ಕಥೋಲಿಕ ವಿಶ್ವಾಸವನ್ನು ದಿನದಿನದ ಬಾಳಿಗೆ ತರುವುದು ಹೇಗೆ?

ಕೆಲವು ವರ್ಷಗಳ ಹಿಂದೆ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು, ಶುರುವಾದಾಗ ನಾನೊಂದು ದೊಡ್ಡ ನಿರ್ಧಾರ ಮಾಡಿದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಗಂಟೆ ಪ್ರಾರ್ಥನೆ, ನಲವತ್ತು ದಿನವೂ. ಮೊದಲ ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಜಪಸರ (ರೋಸರಿ) ಕೈಯಲ್ಲಿ ಹಿಡಿದೇ ತೂಕಡಿಸಿದೆ. ಆರನೇ ದಿನ ಅಲಾರಂ ಆಫ್ ಮಾಡಿ ಮಗ್ಗುಲು ಬದಲಿಸಿದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಐದು ದಿನವೂ ನಿದ್ದೆಗೆಟ್ಟು ಮನೆಯವರ ಮೇಲೆಲ್ಲ ಸಿಡುಕಿದ್ದೆ. "ಅಮ್ಮ, ನೀನು ಪ್ರಾರ್ಥನೆ ಮಾಡದೇ ಇದ್ದಾಗಲೇ ಒಳ್ಳೆಯವಳಿರ್ತೀಯ" ಅಂತ ಮಗಳು ಅಂದಳು.

ನಾನು ಭಾನುವಾರ ಚರ್ಚ್‌ನಲ್ಲಿ ಪೂಜೆಯ (ಮಾಸ್) ನಂತರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಂದೆತಾಯಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಟೀಚರ್, ಇದಕ್ಕೆಲ್ಲ ಟೈಮ್ ಎಲ್ಲಿದೆ?" ನಿಜ, ಇಲ್ಲ. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕು. ಅದಕ್ಕೇ ನಾನೀಗ ಹೊಸ ಟೈಮ್ ಹುಡುಕಿ ಅಂತ ಯಾರಿಗೂ ಹೇಳುವುದಿಲ್ಲ. ಹೇಗಿದ್ದರೂ ದಿನಾ ನಡೆಯುವ ಒಂದು ಕೆಲಸ ಇರುತ್ತದಲ್ಲ, ಅದಕ್ಕೆ ಪ್ರಾರ್ಥನೆಯನ್ನು ಗಂಟು ಹಾಕಿ. ಕುಕ್ಕರ್ ಇಡುವುದು, ಬೀಗ ಹಾಕುವುದು, ಊಟಕ್ಕೆ ಕೂರುವುದು, ಸಂಬಳ ಬರುವುದು. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಈ ಲೆಕ್ಕದಲ್ಲೇ ಇವೆ. ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಬೇಡಿ. ನನ್ನ ನಾಲ್ಕೂವರೆಯ ಕಥೆ ಆಗುತ್ತದೆ.

ಹೆಜ್ಜೆ 1: ಮನೆಯ ಪೀಠದ ಧೂಳು ಒರೆಸಿ

ನಮ್ಮ ಬಹುಪಾಲು ಮನೆಗಳಲ್ಲಿ ಗೋಡೆಗೆ ಹೊಡೆದ ಒಂದು ಹಲಗೆ ಇರುತ್ತದೆ. ಅದರ ಮೇಲೆ ಯೇಸುವಿನ ತಿರುಹೃದಯದ ಪಟ, ಆರೋಗ್ಯಮಾತೆ ಮರಿಯಮ್ಮನವರ ಸ್ವರೂಪ (ಪ್ರತಿಮೆ), ಒಂದು ಕೆಂಪು ಜೀರೋ ಬಲ್ಬು. ಹತ್ತಿರ ಹೋಗಿ ನೋಡಿ. ಎರಡು ವರ್ಷದ ಹಿಂದಿನ ಪ್ಲಾಸ್ಟಿಕ್ ಹೂವು, ಕರೆಂಟ್ ಬಿಲ್ಲು, ಕೊರಿಯರ್ ಕವರ್, ಅರ್ಧ ಉರಿದ ಮೇಣದ ಬತ್ತಿ, ತಂತಿ ಕಿತ್ತುಹೋದ ಜಪಸರ, ಯಾರದೋ ಮದುವೆ ಕಾರ್ಡು. ನಮ್ಮ ಮನೆಯಲ್ಲಿ ಗ್ಯಾಸ್ ಬುಕ್ ಕೂಡ ಅಲ್ಲೇ ಇತ್ತು. ಬೇಕಾದಾಗ ಬೇಗ ಸಿಗಲಿ ಅಂತ!

ಒಂದು ಶನಿವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಎಲ್ಲ ಕೆಳಗಿಳಿಸಿ, ಒರೆಸಿ. ವಾಪಸ್ ಇಡುವಾಗ ಬೇಕಾದ್ದು ಮಾತ್ರ ಇಡಿ. ಒಂದು ಶಿಲುಬೆ, ಒಂದು ಸ್ವರೂಪ ಅಥವಾ ಪಟ, ಒಂದು ಮೇಣದ ಬತ್ತಿ, ಬೈಬಲ್, ಮನೆಯವರಿಗೆಲ್ಲ ಒಂದೊಂದು ಜಪಸರ. ಬೈಬಲ್ ಮುಚ್ಚಿಡಬೇಡಿ, ತೆರೆದಿಡಿ. ಮುಚ್ಚಿಟ್ಟ ಬೈಬಲ್ ಮೇಲೆ ಒಂದು ವಾರದೊಳಗೆ ಇನ್ನೇನೋ ಬಂದು ಕೂರುತ್ತದೆ.

ಮುರಿದ ಸ್ವರೂಪ, ಹರಿದ ಪ್ರಾರ್ಥನಾ ಪುಸ್ತಕ, ಇವನ್ನೆಲ್ಲ ಏನು ಮಾಡುವುದು? ಆಶೀರ್ವಾದ ಮಾಡಿಸಿದ ವಸ್ತುಗಳನ್ನು ಕಸದ ಗಾಡಿಗೆ ಹಾಕುವ ರೂಢಿ ಇಲ್ಲ. ಸುಡಬಹುದಾದದ್ದನ್ನು ಸುಡಿ, ಉಳಿದದ್ದನ್ನು ಮಣ್ಣಲ್ಲಿ ಹೂಳಿ. ಫ್ಲಾಟ್‌ನಲ್ಲಿದ್ದವರು ಹೂಕುಂಡದ ಮಣ್ಣಲ್ಲಾದರೂ ಹೂಳಬಹುದು. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಚರ್ಚ್‌ನಿಂದ ತಂದ ತಾಳೆಗರಿ ಶಿಲುಬೆಯ ಹಿಂದೆ ಒಣಗಿದ್ದರೆ ಅದನ್ನು ಮಾತ್ರ ತೆಗೆಯಬೇಡಿ. ಅದರ ಕೆಲಸ ಇನ್ನೂ ಬಾಕಿ ಇದೆ, ಕೊನೆಗೆ ಹೇಳುತ್ತೇನೆ.

ಹೆಜ್ಜೆ 2: ಬೆಳಿಗ್ಗೆ ಎರಡು ನಿಮಿಷ

ಕಣ್ಣು ಬಿಟ್ಟ ಮೇಲೆ ಫೋನಿಗೆ ಕೈ ಹೋಗುವ ಮೊದಲು ಶಿಲುಬೆ ಗುರುತು. ಇದೊಂದನ್ನು ಒಂದು ತಿಂಗಳು ಮಾಡಿ ಸಾಕು. ಸುಲಭ ಅನ್ನಿಸುತ್ತದೆ, ಅಲ್ವಾ? ಫೋನ್ ದಿಂಬಿನ ಪಕ್ಕ ಇದ್ದರೆ ಸುಲಭವಲ್ಲ. ನಾನು ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಲು ಶುರು ಮಾಡಿದ ಮೇಲೆಯೇ ಇದು ರೂಢಿಯಾಯಿತು. ಆಮೇಲೆ ನಿಮ್ಮದೇ ಮಾತಲ್ಲಿ ಒಂದೆರಡು ವಾಕ್ಯ. ಈ ದಿನದ ಕೆಲಸ, ಸಿಟ್ಟು, ಸುಸ್ತು ಎಲ್ಲ ನಿನ್ನದು ಅಂತ ದೇವರಿಗೆ ಹೇಳಿ.

ಮಿಕ್ಕ ಪ್ರಾರ್ಥನೆ ಅಡುಗೆಮನೆಯಲ್ಲಿ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಕಾರ್ಮೆಲೈಟ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಮೊದಲು ಸೈನಿಕ, ಆಮೇಲೆ ಮಠದ ಅಡುಗೆಯವರು. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲವಂತೆ. ಆದರೂ ವರ್ಷಗಟ್ಟಲೆ ಪಾತ್ರೆಪಗಡಗಳ ನಡುವೆಯೇ ದೇವರ ಜೊತೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡರು. ದೊಡ್ಡ ಧ್ಯಾನವೇನಲ್ಲ, ಕೆಲಸದ ಮಧ್ಯೆ ಒಂದೊಂದು ಮಾತು. ನಾನು ಕಲಿತದ್ದು ಅವರಿಂದಲೇ. ಕುಕ್ಕರ್ ಮೂರು ಕೂಗುವಷ್ಟರಲ್ಲಿ ಪರಲೋಕದ ಪ್ರಾರ್ಥನೆ ಒಂದು, ಮರಿಯಮ್ಮನವರಿಗೆ ಹೇಳುವ ನಮೋ ಮರಿಯಾ ಪ್ರಾರ್ಥನೆ ಮೂರು. ಮೊದಲನೇ ನಮೋ ಮರಿಯಾ ಡಬ್ಬಿ ತೆಗೆದುಕೊಂಡು ಹೋಗುವವರಿಗೆ, ಎರಡನೆಯದು ಮನೆಯಲ್ಲಿ ಉಳಿಯುವವರಿಗೆ, ಮೂರನೆಯದು ಇವತ್ತು ಯಾರ ಮುಖ ನೋಡಲು ಇಷ್ಟವಿಲ್ಲವೋ ಅವರಿಗೆ. ಮೂರನೆಯದನ್ನು ಬಿಡಬೇಡಿ.

ಹೆಜ್ಜೆ 3: ಹೊರಗೆ, ನಾಲ್ಕು ಜನರ ನಡುವೆ

ಹಳ್ಳಿಯ ಚರ್ಚ್‌ಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಹೊಡೆಯುವುದನ್ನು ನೀವು ಕೇಳಿರಬಹುದು. ಅದು ತ್ರಿಕಾಲ ಪ್ರಾರ್ಥನೆಯ ಗಂಟೆ. ಹೊಲದಲ್ಲಿದ್ದವರು ಗುದ್ದಲಿ ಕೆಳಗಿಟ್ಟು ನಿಲ್ಲುತ್ತಿದ್ದರು. ಆಫೀಸಿನಲ್ಲಿ ಗಂಟೆ ಇಲ್ಲ, ಫೋನ್ ಇದೆ. ಮಧ್ಯಾಹ್ನ 12ಕ್ಕೆ ಸದ್ದಿಲ್ಲದ ಅಲಾರಂ ಇಟ್ಟುಕೊಳ್ಳಿ. ಜೇಬಿನಲ್ಲಿ ಫೋನ್ ನಡುಗಿದಾಗ ಒಂದು ನಿಮಿಷ ಸುಮ್ನೆ ಕೂತರೆ ಆಯಿತು. ಮೀಟಿಂಗ್‌ನಲ್ಲಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕುವುದು ಕೆಲವರಿಗೆ ಮುಜುಗರ. ಕ್ಯಾಂಟೀನಿನಲ್ಲಿ ಹಣೆ ಕೆರೆದುಕೊಂಡ ಹಾಗೆ ಮಾಡಿ ಮುಗಿಸುವವರನ್ನು ನೋಡಿದ್ದೇನೆ. ನಾನೂ ಹಾಗೇ ಮಾಡಿದ್ದೇನೆ. ಬೇಡ. ನಿಧಾನವಾಗಿ, ಹಣೆ, ಎದೆ, ಎರಡು ಭುಜ ಮುಟ್ಟಿ ಮಾಡಿ. ನಮ್ಮ ನಾಡಿನಲ್ಲಿ ಊಟಕ್ಕೆ ಮುಂಚೆ ಅನ್ನಕ್ಕೆ ಕೈಮುಗಿಯುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಆಫೀಸಿಗೆ ಹೋದಾಗ ನನ್ನ ಪಕ್ಕದ ಸೀಟಿನವರು, "ಏನ್ರೀ, ನೀವೂ ವಿಭೂತಿ ಹಾಕ್ತೀರಾ!" ಅಂತ ಖುಷಿಯಿಂದ ಕೇಳಿದ್ದರು. ಅವತ್ತು ಮಧ್ಯಾಹ್ನ ಊಟದ ಹೊತ್ತೆಲ್ಲ ಬೂದಿಯ ಬಗ್ಗೆಯೇ ಮಾತು. ಮನುಷ್ಯ ಮಣ್ಣಿಗೆ ಮರಳುತ್ತಾನೆ ಅನ್ನುವುದನ್ನು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಹೆಜ್ಜೆ 4: ರಾತ್ರಿಯ ಜಪಸರ, ಆದರೆ ಹತ್ತು ಮಣಿಯಿಂದ

ಕುಟುಂಬದ ಪ್ರಾರ್ಥನೆ ಅಂದರೆ ನಮ್ಮಲ್ಲಿ ಜಪಸರವೇ. ನನ್ನ ಅಜ್ಜಿಯ ಮನೆಯಲ್ಲಿ ಜಪಸರ ಮುಗಿಯದೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಸಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು, ನಾವು ಮಕ್ಕಳು ನಮೋ ಮರಿಯಾವನ್ನು ರೈಲಿನ ವೇಗದಲ್ಲಿ ಹೇಳುತ್ತಿದ್ದೆವು. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಯಾಕೋ, ಹಿಂದೆ ನಾಯಿ ಅಟ್ಟಿಸಿಕೊಂಡು ಬರ್ತಾ ಇದೆಯಾ?" ಅನ್ನುತ್ತಿದ್ದರು.

ಇಡೀ ಜಪಸರಕ್ಕೆ 20 ನಿಮಿಷ ಬೇಕು. ಶುರುವಿನ ಮೂರು ಸೇರಿಸಿ 53 ನಮೋ ಮರಿಯಾ. ರೂಢಿ ತಪ್ಪಿದ ಮನೆಯಲ್ಲಿ ಇದನ್ನು ಒಂದೇ ಸಲ ಹೇರಿದರೆ ಮೂರನೇ ದಿನ ಮಕ್ಕಳಿಗೆ ಹೋಮ್‌ವರ್ಕ್ ನೆನಪಾಗುತ್ತದೆ, ಗಂಡಸರಿಗೆ ಫೋನ್ ಬರುತ್ತದೆ. ಹಾಗಾಗಿ ಹತ್ತು ಮಣಿಯಿಂದ ಶುರು ಮಾಡಿ. ಒಂದು ರಹಸ್ಯ, ಅಂದರೆ ಯೇಸು ಮರಿಯಮ್ಮನವರ ಬಾಳಿನ ಒಂದು ಘಟನೆ ನೆನೆಯುತ್ತಾ ಹತ್ತು ನಮೋ ಮರಿಯಾ, ನಾಲ್ಕು ನಿಮಿಷ. ಹೀಗೆ ಮಾಡಿ ನೋಡಿ:

ಹೊತ್ತು ಗಡಿಯಾರಕ್ಕೆ ಕಟ್ಟಬೇಡಿ, ಊಟಕ್ಕೆ ಕಟ್ಟಿ. ತಟ್ಟೆ ಹಾಕಿದ ಮೇಲೆ, ಬಡಿಸುವ ಮೊದಲು. ಟಿವಿ ಆಫ್. ಮೇಣದ ಬತ್ತಿ ಹಚ್ಚುವ ಕೆಲಸ ಮನೆಯ ಅತಿ ಚಿಕ್ಕ ಮಗುವಿಗೆ, ಪಕ್ಕದಲ್ಲಿ ದೊಡ್ಡವರು ನಿಂತಿರಲಿ. ನಂಬಿ, ಈ ಒಂದು ಬೆಂಕಿಕಡ್ಡಿಯ ಆಸೆಗೆ ಮಕ್ಕಳು ತಾವೇ ಎಲ್ಲರನ್ನೂ ಕರೆಯುತ್ತಾರೆ. ಪ್ರತಿಯೊಬ್ಬರೂ ಒಂದು ಉದ್ದೇಶ ಹೇಳಲಿ. ನಮ್ಮ ಮನೆಯಲ್ಲಿ ಪರೀಕ್ಷೆ, ಮಂಡಿನೋವು, ಕಾಣೆಯಾದ ಬೆಕ್ಕು ಎಲ್ಲಕ್ಕೂ ಪ್ರಾರ್ಥನೆ ಆಗಿದೆ. ಮಕ್ಕಳು ಏನು ಕೇಳಿದರೂ ನಗಬೇಡಿ. ಮಗನ ಶಾಲೆಯಲ್ಲಿ ಅವನನ್ನು ಯಾರೋ ಕಾಡಿಸುತ್ತಿದ್ದಾರೆ ಅನ್ನುವುದು ನಮಗೆ ಗೊತ್ತಾದದ್ದೇ ಈ ಉದ್ದೇಶ ಹೇಳುವ ಹೊತ್ತಿನಲ್ಲಿ.

ಯಾವ ದಿನ ಯಾವ ರಹಸ್ಯ ಅನ್ನುವುದು ಗೊಂದಲವಾದರೆ: ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರ ಬೆಳಕಿನ ರಹಸ್ಯಗಳು. ಇವನ್ನು 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದರು. ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮುಗಿದ ಮೇಲೆ ದೊಡ್ಡವರ ಆಶೀರ್ವಾದ ಪಡೆಯುವುದು ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಚೆನ್ನಾಗಿ ಉಳಿದುಕೊಂಡಿದೆ. ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್' ಕೇಳುತ್ತಾರೆ. ಹಗಲೆಲ್ಲ ಅಪ್ಪನ ಜೊತೆ ಜಗಳ ಮಾಡಿದ ಮಗನೂ ರಾತ್ರಿ ಒಮ್ಮೆ ಎದುರಿಗೆ ಬಂದು ನಿಲ್ಲಲೇಬೇಕು. ಅಪ್ಪನೂ ತಲೆ ಮೇಲೆ ಕೈ ಇಡಲೇಬೇಕು. ಕನ್ನಡದ ಮನೆಗಳೂ ಇದನ್ನು ಎರವಲು ಪಡೆಯಬಹುದು, ಯಾರೂ ಬೇಡ ಅನ್ನುವುದಿಲ್ಲ.

ಒಬ್ಬರೇ ಇರುವವರು, ಪಿಜಿಯಲ್ಲಿ ಇರುವವರು ಮಲಗುವ ಮೊದಲು ಐದು ನಿಮಿಷ ಆತ್ಮಶೋಧನೆ ಮಾಡಿಕೊಳ್ಳಿ. ಯೇಸುಸಭೆ (ಜೆಸ್ವಿಟ್ ಸಂಘ) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಕ್ರಮ ಇದು. ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಥ್ಯಾಂಕ್ಸ್ ಹೇಳಿ. ಬೆಳಕು ಕೇಳಿ. ಬೆಳಿಗ್ಗೆಯಿಂದ ಏನೇನು ನಡೆಯಿತು ಅಂತ ಒಮ್ಮೆ ನೆನಪು ಮಾಡಿಕೊಂಡು ಬನ್ನಿ. ತಪ್ಪಿದ್ದಕ್ಕೆ ಕ್ಷಮೆ ಕೇಳಿ. ನಾಳೆ ಒಂದು ಕಡೆ ಹೇಗೆ ಬೇರೆ ಥರ ನಡೆದುಕೊಳ್ಳುತ್ತೀರಿ ಅಂತ ಯೋಚಿಸಿ ಮಲಗಿ.

ಹೆಜ್ಜೆ 5: ಭಾನುವಾರ ಶನಿವಾರವೇ ಶುರುವಾಗಲಿ

ಪೂಜೆಗೆ ಹೋಗಿ ಬಂದರೂ ಏನೂ ಅನ್ನಿಸಲಿಲ್ಲ ಅನ್ನುವವರು ಜಾಸ್ತಿ. ನಾನು ಕೇಳುವುದು ಒಂದೇ: ಎಷ್ಟು ಹೊತ್ತಿಗೆ ಹೋಗಿದ್ದಿರಿ? ಬೈಬಲ್ ವಾಚನ ನಡೆಯುವಾಗ ಒಳಗೆ ಬಂದು, ಪರಮಪ್ರಸಾದ (ಕಮ್ಯುನಿಯನ್) ತೆಗೆದುಕೊಂಡು ಹಾಗೇ ಪಾರ್ಕಿಂಗ್ ಕಡೆ ಹೊರಟರೆ ಏನು ತಾನೇ ಅನ್ನಿಸಬೇಕು?

ಶನಿವಾರ ರಾತ್ರಿ ಬಟ್ಟೆ ಇಸ್ತ್ರಿ ಮಾಡುವಾಗ ಯಾರಾದರೊಬ್ಬರು ಮರುದಿನದ ಪೂಜೆಯ ಶುಭಸಂದೇಶ (ಯೇಸುವಿನ ಬಾಳು, ಮಾತುಗಳ ಬೈಬಲ್ ಭಾಗ) ಗಟ್ಟಿಯಾಗಿ ಓದಲಿ. ಮೂರು ನಿಮಿಷವೂ ಆಗುವುದಿಲ್ಲ. ರೋಮ್‌ನಲ್ಲಿ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ನಡೆದ 1962-65ರ ಕಾಲದವರೆಗೆ ಪೂಜೆ ಲ್ಯಾಟಿನ್‌ನಲ್ಲಿತ್ತು. ನಮ್ಮ ಅಜ್ಜ ಅಜ್ಜಿಯರು ಅರ್ಥವಾಗದೆಯೂ ಭಕ್ತಿಯಿಂದ ಕೂತಿದ್ದರು. ನಮಗೆ ಕನ್ನಡದಲ್ಲೇ ಕೇಳಿಸುತ್ತದೆ. ಮೊದಲೇ ಓದಿಕೊಂಡು ಹೋದರೆ ಗುರುಗಳ (ಪಾದ್ರಿಗಳ) ಪ್ರಬೋಧನೆ ಸಪ್ಪೆಯಾದ ದಿನವೂ ಒಂದು ಮಾತು ಮನೆಗೆ ಬರುತ್ತದೆ.

ಕೆಲವು ನಿಯಮಗಳು ಸರಿಯಾಗಿ ಗೊತ್ತಿರಲಿ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿಂದ ಏನೂ ತಿನ್ನಬಾರದು. ನೀರು, ಔಷಧಿ ಪರವಾಗಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ನಿಯಮವೂ ಇಲ್ಲ. ಸಕ್ಕರೆ ಕಾಯಿಲೆ ಇರುವ ಅತ್ತೆಯವರನ್ನು ಉಪವಾಸ ಕೆಡವಬೇಡಿ. ಭಾನುವಾರ ಡ್ಯೂಟಿ ಇರುವ ನರ್ಸುಗಳು, ಬಸ್ ಡ್ರೈವರ್‌ಗಳು, ಐಟಿಯವರು ಶನಿವಾರ ಸಂಜೆಯ ಪೂಜೆಗೆ ಹೋದರೆ ಅದು ಭಾನುವಾರದ ಪೂಜೆಯೇ. ಮದುವೆಯ ತೊಡಕಿನಿಂದಲೋ ಬೇರೆ ಕಾರಣದಿಂದಲೋ ಪರಮಪ್ರಸಾದ ತೆಗೆದುಕೊಳ್ಳಲು ಆಗದವರು ಪೂಜೆಗೇ ಬರುವುದನ್ನು ನಿಲ್ಲಿಸಬೇಡಿ. ಬನ್ನಿ, ಕೂತುಕೊಳ್ಳಿ, ಹಾಡಿ. ಪಕ್ಕದಲ್ಲಿ ಕೂತವರು ಅವರನ್ನು ತಿರುತಿರುಗಿ ನೋಡುವುದನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಪಾಪನಿವೇದನೆ, ಹತ್ತು ವರ್ಷದ ನಂತರ

ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದೇ ಪಾಪನಿವೇದನೆ. ಜನ ಹೆಚ್ಚು ಹೆದರುವುದು ಇಲ್ಲಿಗೆ ಬರುವಾಗಲೇ. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಅಂತ ಧರ್ಮಸಭೆಯ ಕಟ್ಟಳೆ. ಅದೂ ತಪ್ಪಿ ಹತ್ತು ವರ್ಷ ಆಗಿದ್ದರೆ? ಹೋಗಬಹುದು. ಹೀಗೆ ಹೋಗಿ.

ಹಬ್ಬದ ಮುಂಚಿನ ದಿನ ಹೋಗಬೇಡಿ. ಕ್ರಿಸ್ಮಸ್‌ಗೆ ಎರಡು ದಿನ ಇರುವಾಗ ನಿಮ್ಮ ಹಿಂದೆ ನಲವತ್ತು ಜನ ನಿಂತಿರುತ್ತಾರೆ, ಗುರುಗಳಿಗೂ ಬಿಡುವಿರುವುದಿಲ್ಲ. ನಾನು ಒಮ್ಮೆ ಅಂಥ ಸಾಲಿನಲ್ಲಿ ಹೋಗಿ, ಅರ್ಧ ಮಾತಿಗೇ ಆಯಿತು ಹೋಗಿ ಅನ್ನಿಸಿಕೊಂಡು ಬಂದೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಸಾಧಾರಣ ವಾರದಲ್ಲಿ, ಗುರುಗಳಿಗೆ ಫೋನ್ ಮಾಡಿ ಹೊತ್ತು ಕೇಳಿ. ನಿಮ್ಮ ಚರ್ಚ್‌ನ ಗುರುಗಳ ಬಳಿ ಹೇಳಲು ಸಂಕೋಚವಾದರೆ ಬೇರೆ ಚರ್ಚ್‌ಗೆ ಹೋಗಿ. ಅದರಲ್ಲಿ ತಪ್ಪೇನಿಲ್ಲ.

ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಂಡು ಕೂರಿ. ಹತ್ತು ಕಟ್ಟಳೆ ನೆನೆಸಿಕೊಂಡು ಬರೆಯಿರಿ. ಕೊಲೆ, ಕಳ್ಳತನ ಮಾಡಿಲ್ಲ ಅಂತ ಬೇಗ ಮುಗಿಸಬೇಡಿ. ತಮ್ಮನ ಪಾಲಿನ ಜಾಗದ ಬಗ್ಗೆ ಸುಳ್ಳು ಹೇಳಿದ್ದು, ಹೆಂಡತಿಯ ಫೋನ್ ಕದ್ದು ನೋಡಿದ್ದು, ವಯಸ್ಸಾದ ಅಪ್ಪನಿಗೆ ತಿಂಗಳಿಂದ ಫೋನ್ ಮಾಡದ್ದು, ಇವೂ ಅಲ್ಲೇ ಬರುತ್ತವೆ. ದೊಡ್ಡ ಪಾಪಗಳನ್ನು ಬಿಡದೆ ಹೇಳಬೇಕು, ಸುಮಾರು ಎಷ್ಟು ಸಲ ಅನ್ನುವುದನ್ನೂ ಹೇಳಬೇಕು. ಕಥೆ ಬೇಡ, ಇನ್ನೊಬ್ಬರ ಪಾಪ ಬೇಡ. ಅತ್ತೆಯ ತಪ್ಪು ಅತ್ತೆಯೇ ಹೇಳಿಕೊಳ್ಳಲಿ.

ಒಳಗೆ ಹೋದ ಮೇಲೆ ಪ್ರಾರ್ಥನೆ ಮರೆತಿದ್ದರೆ, "ಸ್ವಾಮಿ, ಹತ್ತು ವರ್ಷ ಆಯಿತು, ಹೇಗೆ ಹೇಳಬೇಕು ಅಂತ ಮರೆತಿದೆ" ಅನ್ನಿ. ಅವರೇ ನಡೆಸಿಕೊಂಡು ಹೋಗುತ್ತಾರೆ. ನೀವು ಹೇಳಿದ್ದು ಅಲ್ಲಿಂದ ಹೊರಗೆ ಹೋಗುವುದಿಲ್ಲ. ಯಾವ ಕಾರಣಕ್ಕೂ, ಕೋರ್ಟಿನಲ್ಲಿ ಕೇಳಿದರೂ, ಗುರುಗಳು ಅದನ್ನು ಬಾಯಿಬಿಡುವಂತಿಲ್ಲ. ನೇರವಾಗಿ ಬಾಯಿಬಿಟ್ಟರೆ ಅವರೇ ಧರ್ಮಸಭೆಯಿಂದ ಹೊರಗಾಗುತ್ತಾರೆ. ಕೊಟ್ಟ ಪ್ರಾಯಶ್ಚಿತ್ತವನ್ನು ಅವತ್ತೇ ಮಾಡಿ ಮುಗಿಸಿ, ಇಲ್ಲದಿದ್ದರೆ ಮರೆತುಹೋಗುತ್ತದೆ. ಹಾಳೆಯನ್ನು ಹರಿದು ಹಾಕಿ. ಪ್ಯಾಂಟಿನ ಜೇಬಿನಲ್ಲಿ ಬಿಟ್ಟು ವಾಷಿಂಗ್ ಮೆಷಿನ್‌ಗೆ ಹಾಕಿದವರು ನನಗೆ ಗೊತ್ತು.

ಹೆಜ್ಜೆ 7: ಸಂಬಳದ ದಿನ, ಮತ್ತು ಕಿಟಕಿಯ ಲೋಟ

ಇಲ್ಲಿಯವರೆಗಿನದೆಲ್ಲ ಸುಲಭ. ವಿಶ್ವಾಸ ಪರ್ಸಿನವರೆಗೆ, ಅಡುಗೆಮನೆಯ ಕಪಾಟಿನವರೆಗೆ ಬಂದಾಗಲೇ ಕಷ್ಟ ಶುರು.

ಮನೆಗೆಲಸಕ್ಕೆ ಬರುವವರಿಗೆ ನೀವು ಯಾವ ತಾರೀಕು ಸಂಬಳ ಕೊಡುತ್ತೀರಿ? ನಮ್ಮದು 1ನೇ ತಾರೀಕು ಬರುತ್ತದೆ, ಅವರದ್ದು ಹತ್ತಕ್ಕೋ ಹನ್ನೆರಡಕ್ಕೋ ಅಂದರೆ ಆ ಹತ್ತು ದಿನ ಅವರ ದುಡ್ಡು ನಮ್ಮಲ್ಲಿದೆ ಅಂತ ಅರ್ಥ. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬೇಡ ಅಂತ ಬೈಬಲ್‌ನ ಯಾಜಕಕಾಂಡದಲ್ಲೇ ಇದೆ. ಕಾರ್ಮಿಕರಿಗೆ ನ್ಯಾಯವಾದ ಕೂಲಿ ಸಿಗಬೇಕು ಅಂತ 1891ರಲ್ಲಿ 13ನೇ ಲಿಯೋ ಪೋಪ್ ಇಡೀ ಧರ್ಮಸಭೆಗೆ ಒಂದು ವಿಶ್ವಪತ್ರವನ್ನೇ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಈಗಿನ ಪೋಪ್ ತಮಗೆ ಲಿಯೋ ಅನ್ನುವ ಹೆಸರನ್ನೇ ಆರಿಸಿಕೊಂಡರು. ಮುಖ್ಯ ಕಾರಣ ಆ ಪತ್ರವೇ ಅಂತ ಅವರೇ ಹೇಳಿದರು. ರೋಮ್‌ನಲ್ಲಿ ಹೇಳಿದ್ದು ನಮ್ಮ ಮನೆಬಾಗಿಲಿಗೆ ಬರಬೇಕಾದರೆ ಸಂಬಳ ಬಂದ ದಿನವೇ ಮೊದಲ ದುಡ್ಡು ಅವರಿಗೆ ಹೋಗಬೇಕು. ವಾರಕ್ಕೊಂದು ರಜೆ ಕೊಡಿ. ಕಾಯಿಲೆ ಬಿದ್ದ ದಿನದ ಸಂಬಳ ಹಿಡಿಯಬೇಡಿ.

ಇನ್ನೊಂದು ವಿಷಯ. ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಇತ್ತು. ಅಂಚು ಸ್ವಲ್ಪ ತಗ್ಗಿದ್ದು. ಕೆಲಸದಾಕೆಗೆ ಕಾಫಿ ಅದರಲ್ಲೇ. ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾನು ಮದುವೆಯಾಗಿ ಬಂದಾಗಲೇ ಇತ್ತು. ನಾನೂ ವರ್ಷಗಟ್ಟಲೆ ಅದರಲ್ಲೇ ಕಾಫಿ ಸುರಿದೆ. 2022ರ ಮೇ 15ರಂದು ದೇವಸಹಾಯಂ ಪಿಳ್ಳೈ ಅವರನ್ನು ಸಂತರೆಂದು ಘೋಷಿಸಿದಾಗ ಅವರ ಬಗ್ಗೆ ಮಕ್ಕಳಿಗೆ ಹೇಳಬೇಕಿತ್ತು. 18ನೇ ಶತಮಾನದವರು, ತಿರುವಾಂಕೂರು ಅರಮನೆಯ ಅಧಿಕಾರಿ, ಮದುವೆಯಾದ ಗೃಹಸ್ಥ. ಗುರುಗಳಲ್ಲ, ಮಠದವರಲ್ಲ. 1745ರಲ್ಲಿ ಜ್ಞಾನಸ್ನಾನ ಪಡೆದರು. ಜಾತಿ ನೋಡದೆ ಎಲ್ಲರೂ ಸಮ ಅಂತ ಹೇಳಿದರು, ಹಾಗೇ ನಡೆದುಕೊಂಡರು. ಮೇಲ್ಜಾತಿಯವರ ಸಿಟ್ಟಿಗೆ ಗುರಿಯಾದರು. 1752ರಲ್ಲಿ ಅವರನ್ನು ಕೊಂದರು. ಇದನ್ನೆಲ್ಲ ತರಗತಿಯಲ್ಲಿ ಹೇಳಿ ಮನೆಗೆ ಬಂದೆ. ಲೋಟ ಕಿಟಕಿಯಲ್ಲೇ ಇತ್ತು.

ಅವತ್ತು ಅದನ್ನು ತೊಳೆದು ಉಳಿದ ಲೋಟಗಳ ಜೊತೆ ಸೇರಿಸಿದೆ. ಭಾಷಣ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಕಿಟಕಿಯಲ್ಲಿ ಲೋಟ ಹುಡುಕಿದಳು. "ಎಲ್ಲೋಯ್ತಕ್ಕ ನನ್ ಲೋಟ?" ಅಂದಳು. ಯಾವುದಾದರೂ ತಗೋ ಅಂದೆ. ಒಂದು ವಾರ ಅವಳಿಗೂ ಇರುಸುಮುರುಸು, ಮನೆಯವರಿಗೂ ಇರುಸುಮುರುಸು. ಆಮೇಲೆ ಸರಿಹೋಯಿತು. ನಿಮ್ಮ ಮನೆಯಲ್ಲೂ ಅಂಥ ಲೋಟ, ತಟ್ಟೆ, ಕುರ್ಚಿ ಇದೆಯಾ ನೋಡಿ. ಮಗಳ ಮದುವೆ ಮಾತುಕತೆಯಲ್ಲಿ 'ನಮ್ಮವರೇ ಆಗಬೇಕು' ಅನ್ನುವಾಗ ನಮ್ಮವರು ಅಂದರೆ ಯಾರು ಅನ್ನುವುದನ್ನೂ ನೋಡಿ.

ಇನ್ನು ದಾನ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆ ಇಲ್ಲದವರಿಗೆ ಬಟ್ಟೆ, ನೆಲೆ ಇಲ್ಲದವರಿಗೆ ನೆಲೆ, ರೋಗಿಗಳ ಭೇಟಿ, ಸೆರೆಯಲ್ಲಿದ್ದವರ ಭೇಟಿ, ಸತ್ತವರನ್ನು ಮಣ್ಣು ಮಾಡುವುದು. ಈ ಏಳು ಕರುಣೆಯ ಕೆಲಸಗಳಲ್ಲಿ ದುಡ್ಡಿಗಿಂತ ಹೊತ್ತು ಕೇಳುವವೇ ಜಾಸ್ತಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ನಿಮ್ಮ ಧರ್ಮಕೇಂದ್ರದಲ್ಲಿ (ನಿಮ್ಮ ಚರ್ಚ್‌ನಲ್ಲಿ) ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇದೆಯಾ ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಂ ಅನ್ನುವ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ್ದು. ಕ್ರಮ ತುಂಬಾ ಸರಳ. ಇಬ್ಬರು ಜೊತೆಯಾಗಿ ಬಡವರ ಮನೆಗೆ ಹೋಗುತ್ತಾರೆ, ಕೂರುತ್ತಾರೆ, ಮಾತಾಡುತ್ತಾರೆ, ಅಕ್ಕಿಬೇಳೆಯೋ ಔಷಧಿಯೋ ಏನು ಬೇಕೋ ನೋಡುತ್ತಾರೆ. ಯಾರ ಮನೆಗೆ ಹೋಗಿದ್ದು ಅಂತ ಊರಿಗೆ ಹೇಳುವುದಿಲ್ಲ. ಕೊಟ್ಟದ್ದರ ಫೋಟೋ ತೆಗೆದು ಸ್ಟೇಟಸ್ ಹಾಕುವ ಚಟ ಇದ್ದರೆ ಮೊದಲು ಅದನ್ನು ಬಿಡಿ.

ಹೆಜ್ಜೆ 8: ಶುಕ್ರವಾರ

ಶುಕ್ರವಾರ ಮಾಂಸ ಬಿಡುವುದು 14 ವರ್ಷ ತುಂಬಿದವರಿಗೆಲ್ಲ ಧರ್ಮಸಭೆಯ ಸಾಮಾನ್ಯ ನಿಯಮ. ಅದರ ಬದಲು ಬೇರೆ ತ್ಯಾಗ ಮಾಡಬಹುದೇ ಅನ್ನುವುದನ್ನು ನಿಮ್ಮ ಗುರುಗಳ ಬಳಿ ಕೇಳಿಕೊಳ್ಳಿ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವೂ ಸೇರುತ್ತದೆ. 18ರಿಂದ 59 ವಯಸ್ಸಿನವರು ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಅಲ್ಪ ಆಹಾರ ತೆಗೆದುಕೊಳ್ಳಬಹುದು. ಮೀನಿಗೆ ಅಡ್ಡಿಯಿಲ್ಲ. ಆದರೆ ಕೋಳಿ ಬಿಟ್ಟೆ ಅಂತ ಹೇಳಿ ಕೋಳಿಗಿಂತ ದುಬಾರಿಯ ಅಂಜಲ್ ಫ್ರೈ ತಿಂದರೆ ಅದು ತ್ಯಾಗವಾ? ನನ್ನ ಯಜಮಾನರು ಈ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಮನೆಯ ಲೆಕ್ಕ ಹೀಗಿದೆ: ಶುಕ್ರವಾರ ಉಳಿಸಿದ ಮಾಂಸದ ದುಡ್ಡು ಒಂದು ಹಾರ್ಲಿಕ್ಸ್ ಬಾಟಲಿಗೆ ಬೀಳುತ್ತದೆ. ಪಾಸ್ಖ (ಈಸ್ಟರ್) ಹಬ್ಬದ ಹೊತ್ತಿಗೆ ಬಾಟಲಿ ಯಾರದೋ ಮನೆಯ ಶಾಲಾ ಫೀಸಿಗೆ ಹೋಗುತ್ತದೆ.

ತಿನ್ನುವುದಕ್ಕಿಂತ ಆಡುವುದನ್ನು ಬಿಡುವುದು ಕಷ್ಟ. ಒಂದು ಶುಕ್ರವಾರ ಯಾರ ಬಗ್ಗೆಯೂ ಬೆನ್ನ ಹಿಂದೆ ಮಾತಾಡದೆ ಇದ್ದು ನೋಡಿ. ಸಂಜೆಗೆ ಮಾತಾಡಲು ವಿಷಯವೇ ಇರುವುದಿಲ್ಲ!

ಹೆಜ್ಜೆ 9: ಮನೆಯಲ್ಲಿ ಯಾರಾದರೂ ಮಲಗಿದ್ದರೆ

ಎಣ್ಣೆ ಹಚ್ಚುವ ಸಂಸ್ಕಾರ ಅಂದರೆ ಇನ್ನೇನು ಕೊನೆಯುಸಿರು ಅಂತ ನಮ್ಮವರು ಹೆದರುತ್ತಾರೆ. ಗುರುಗಳು ಬಂದರೆ ಅಪ್ಪ ಗಾಬರಿಯಾಗುತ್ತಾರೆ ಅಂತ ಕರೆಯದೆ, ಪ್ರಜ್ಞೆ ತಪ್ಪಿದ ಮೇಲೆ ಓಡುತ್ತಾರೆ. ಅದು ರೋಗಿಗಳ ಸಂಸ್ಕಾರ, ಸಾಯುವವರಿಗೆ ಮಾತ್ರ ಅಲ್ಲ. ಗಂಭೀರ ಕಾಯಿಲೆ ಬಂದಾಗ, ದೊಡ್ಡ ಆಪರೇಷನ್‌ಗೆ ಮುಂಚೆ, ವಯಸ್ಸಾಗಿ ತೀರಾ ಸೋತಾಗಲೇ ಕರೆಸಿ. ರೋಗಿ ತಾನೇ ಮಾತಾಡಿ, ಪಾಪನಿವೇದನೆ ಮಾಡಿ, ಪ್ರಾರ್ಥನೆಗೆ ದನಿಗೂಡಿಸುವ ಹಾಗಿರಬೇಕು.

ಮನೆಗೆ ಪರಮಪ್ರಸಾದ ತರುವಾಗ ಹಾಸಿಗೆಯ ಪಕ್ಕ ಒಂದು ಸಣ್ಣ ಮೇಜಿಡಿ. ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದ ಬತ್ತಿ, ರೋಗಿಗೆ ಒಂದು ಲೋಟ ನೀರು. ಔಷಧಿ ಡಬ್ಬಿಗಳನ್ನು ಬೇರೆ ಕಡೆ ಇಡಿ. ಫ್ಯಾನ್ ಜೋರಾಗಿದ್ದರೆ ಬತ್ತಿ ಆರುತ್ತದೆ, ಕಡಿಮೆ ಮಾಡಿ. ಗುರುಗಳಿಗೆ ಕಾಫಿ ಮಾಡುವ ಗಡಿಬಿಡಿಯಲ್ಲಿ ಮನೆಯವರೆಲ್ಲ ಅಡುಗೆಮನೆ ಸೇರಬೇಡಿ. ಬಂದು ಸುತ್ತ ನಿಲ್ಲಿ.

ಹೆಜ್ಜೆ 10: ವರ್ಷದ ಸುತ್ತು

ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಲವು ದಿನ ಗುರುತು ಹಾಕಿಕೊಳ್ಳಿ. ಮನೆಯವರ ಜ್ಞಾನಸ್ನಾನದ ದಿನ ಮೊದಲು. ಹುಟ್ಟುಹಬ್ಬಕ್ಕೆ ಕೇಕ್ ತರುವ ನಮಗೆ ಆ ತಾರೀಕೇ ಗೊತ್ತಿರುವುದಿಲ್ಲ, ಚರ್ಚ್‌ನ ದಾಖಲೆಯಲ್ಲಿ ಸಿಗುತ್ತದೆ. ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಜೂನ್ ತಿರುಹೃದಯದ ತಿಂಗಳು, ಅಕ್ಟೋಬರ್ ಜಪಸರದ್ದು. ನವೆಂಬರ್ 2 ಮೃತರ ದಿನ. ಸಮಾಧಿಗೆ ಹೋಗುವಾಗ ಪಕ್ಕದಲ್ಲಿ ಯಾರೂ ಬಾರದ ಸಮಾಧಿ ಇದ್ದರೆ ಅದಕ್ಕೂ ಒಂದು ಬತ್ತಿ ಹಚ್ಚಿ.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಕೇಸರಿ ಸೀರೆ ಉಟ್ಟವರ ಸಾಲು, ಸಂಜೆ ತೇರು. ಕರಾವಳಿಯಲ್ಲಿ ಅದೇ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಅರೆದು, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಅಮ್ಮಂದಿರು ನಾಲ್ಕು ಕಾಳು ಲಕೋಟೆಯಲ್ಲಿ ಕಳಿಸುವುದುಂಟು. ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ತಟ್ಟೆ ಅಕ್ಕಪಕ್ಕದ ಮನೆಗಳಿಗೆ ಹೋಗುವಾಗ ಅಪಾರ್ಟ್‌ಮೆಂಟಿನ ವಾಚ್‌ಮನ್ ಮರೆತುಹೋಗಬಾರದು.

ಇನ್ನು ಆ ತಾಳೆಗರಿ. ಅದು ವರ್ಷವಿಡೀ ಶಿಲುಬೆಯ ಹಿಂದೆ ಇರಲಿ. ವಿಭೂತಿ ಬುಧವಾರಕ್ಕೆ ಒಂದೆರಡು ವಾರ ಇರುವಾಗ ಚರ್ಚ್‌ನಲ್ಲಿ ಹಳೆಯ ಗರಿ ತಂದು ಕೊಡಿ ಅಂತ ಹೇಳುತ್ತಾರೆ. ಅವನ್ನೆಲ್ಲ ಸೇರಿಸಿ ಸುಟ್ಟು, ಜರಡಿ ಹಿಡಿದು, ಬೂದಿ ಮಾಡುತ್ತಾರೆ. ಹೋದ ವರ್ಷ ನಮ್ಮ ಗರಿಯನ್ನು ಮಗಳೇ ತೆಗೆದುಕೊಂಡು ಹೋಗಿ ಕೊಟ್ಟಳು. ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳು ಬೆಂಚಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ಅಮ್ಮ, ಇದು ನಮ್ಮ ಮನೇದೇ ಇರಬೇಕು" ಅಂದಳು.